ಕಟ್ಟಿದ ನೆಲದ ಋಣ

ನಮ್ಮ ತಾತ ಹಳೇ ಇಟ್ಟಿಗೆ ಕೆತ್ತುತ್ತಿದ್ದ ಸದ್ದು ನನಗೆ ಇವತ್ತಿಗೂ ಕಿವಿಯಲ್ಲಿದೆ. ಶ್ರೀರಂಗಪಟ್ಟಣದ ಸುತ್ತಿನ ಊರುಗಳಲ್ಲಿ ಯಾರದಾದರೂ ಹಳೇ ಮನೆ ಬಿಚ್ಚುವುದಿದ್ದರೆ ತಾತನಿಗೆ ಕರೆ ಬರುತ್ತಿತ್ತು. ನಮ್ಮ ಕಡೆ ಆಗ ಮನೆ 'ಬಿಚ್ಚುವುದು' ಎಂದೇ ಹೇಳುತ್ತಿದ್ದರು, 'ಒಡೆಯುವುದು' ಎನ್ನುತ್ತಿರಲಿಲ್ಲ. ಮೊದಲು ಹೆಂಚು ಇಳಿಯಬೇಕು, ಆಮೇಲೆ ರೀಪು, ಜಂತೆ, ತೊಲೆ. ಬಾಗಿಲುವಾಡವನ್ನು ನಾಲ್ಕು ಜನ ಹಿಡಿದು ಮಲಗಿಸಬೇಕು. ಕೊನೆಗೆ ಗೋಡೆ. ತಾತ ಕುಕ್ಕರಗಾಲಲ್ಲಿ ಕೂತು ಎಡಗೈಯಲ್ಲಿ ಇಟ್ಟಿಗೆ ಹಿಡಿದು, ಬಲಗೈಯಲ್ಲಿ ಸವೆದ ಬಾಚಿಯಿಂದ ನಾಲ್ಕು ಮೈಗೂ ಒಂದೊಂದು ಏಟು ಕೊಡುತ್ತಿದ್ದರು. ಗಾರೆ ಚಕ್ಕೆ ಚಕ್ಕೆಯಾಗಿ ಉದುರುತ್ತಿತ್ತು, ಇಟ್ಟಿಗೆ ಇಡಿಯಾಗಿ ಉಳಿಯುತ್ತಿತ್ತು. ನೂರು ಇಟ್ಟಿಗೆ ಆದ ಮೇಲೆ ನನ್ನ ಕೈಯಲ್ಲಿ ಒಂದು ಕಲ್ಲು ಎಣಿಸಿ ಪಕ್ಕಕ್ಕಿಡಿಸುತ್ತಿದ್ದರು. ಉದುರಿದ ಗಾರೆಯನ್ನೂ ಬಿಸಾಡುತ್ತಿರಲಿಲ್ಲ. ಅದನ್ನು ಕುಟ್ಟಿ, ಜರಡಿ ಹಿಡಿದು, ಹೊಸ ಮನೆಯ ನೆಲಗಟ್ಟಿನ ಕೆಳಗೆ ತುಂಬುತ್ತಿದ್ದರು. ಒಂದು ತೊಟ್ಟಿ ಮನೆ ಪೂರ್ತಿ ಬಿಚ್ಚಿದ ಮೇಲೆ ಯಾವುದಕ್ಕೂ ಬಾರದ ಕಸ ಎಂದು ಉಳಿಯುತ್ತಿದ್ದದ್ದು ಒಂದು ಗಾಡಿಗೆ ಆಗುವಷ್ಟು.

ಡಿಪ್ಲೊಮಾ ಮುಗಿಸಿ 1980ರಲ್ಲಿ ಬೆಂಗಳೂರಿನ ಒಂದು ಕಟ್ಟಡದ ಕೆಲಸಕ್ಕೆ ಸೇರಿದವನು ನಾನು. ಸೈಟ್ ಸೂಪರ್‌ವೈಸರ್ ಆಗಿ ಸೇರಿ, ಕೊನೆಯ ಆರು ವರ್ಷ ಒಂದು ನಿರ್ಮಾಣ ಕಂಪನಿಯ ಸಾಮಾಜಿಕ ಹೊಣೆಗಾರಿಕೆ ವಿಭಾಗದಲ್ಲಿ, ಅಂದರೆ ಎಲ್ಲರೂ ಸಿಎಸ್‌ಆರ್ ಎಂದು ಕರೆಯುವ ವಿಭಾಗದಲ್ಲಿ ಕೂತು ನಿವೃತ್ತನಾದೆ. 'ಸುಸ್ಥಿರತೆ' ಎಂಬ ಪದವನ್ನು ಆ ಆರು ವರ್ಷದಲ್ಲಿ ಎಷ್ಟು ಸಲ ಬರೆದೆನೋ ಲೆಕ್ಕವಿಲ್ಲ. ಬರೆದಾಗಲೆಲ್ಲ ತಾತನ ಬಾಚಿಯ ಸದ್ದು ನೆನಪಾಗುತ್ತಿತ್ತು. ಕಟ್ಟುವ ಕಸುಬಿಗೆ ನೆಲದ ಋಣ, ನೀರಿನ ಋಣ, ಕೆಲಸದವರ ಋಣ ಎಂಬುದು ಹಿಂದೆ ಹೇಗಿತ್ತು, ಹೇಗೆ ಕಳಚಿಕೊಂಡಿತು, ಈಗ ಯಾವ ಬಾಗಿಲಿಂದ ವಾಪಸ್ ಬರುತ್ತಿದೆ ಎಂಬುದನ್ನು ನನಗೆ ತಿಳಿದಷ್ಟು ಇಲ್ಲಿ ಹೇಳುತ್ತೇನೆ.

ಮೊದಲು ಗಾರೆಯಿಂದಲೇ ಶುರು ಮಾಡಬೇಕು, ನಮ್ಮ ಮನೆತನದ ಅನ್ನ ಅದು. ಸುಣ್ಣದ ಕಲ್ಲನ್ನು ಗೂಡಿಗೆ ಹಾಕಿ, ಒಂದು ವರಸೆ ಕಲ್ಲು ಒಂದು ವರಸೆ ಇದ್ದಿಲು ಜೋಡಿಸಿ ಸುಡಬೇಕು. ಸುಟ್ಟ ಕಲ್ಲುಸುಣ್ಣಕ್ಕೆ ನೀರು ಬಿಟ್ಟರೆ ಕೊತಕೊತ ಕುದ್ದು ಅರಳುತ್ತದೆ. ಅರಳಿದ ಸುಣ್ಣ ಗುಂಡಿಯಲ್ಲಿ ದಿನಗಟ್ಟಲೆ ನೆನೆಯಬೇಕು. ಆಮೇಲೆ ಗಾಣ. ನೆಲದಲ್ಲಿ ದುಂಡಗೆ ಕಲ್ಲುಕಟ್ಟಿದ ಕಾಲುವೆ, ಅದರಲ್ಲಿ ಉರುಳುವ ಕಲ್ಲಿನ ಗಾಲಿ, ನಡುವೆ ಗೂಟ, ನೊಗಕ್ಕೆ ಒಂದು ಎತ್ತು. ಸುಣ್ಣ, ಮರಳು, ಇಲ್ಲವೇ ಇಟ್ಟಿಗೆ ಪುಡಿಯಾದ ಸುರ್ಕಿ ಸುರಿದು, ನೀರು ಚಿಮುಕಿಸುತ್ತ ಎತ್ತು ಸುತ್ತು ಹಾಕುತ್ತಿದ್ದರೆ ಗಾರೆ ಬೆಣ್ಣೆಯಾಗುತ್ತ ಬರುತ್ತದೆ. ಬೆರಳಿಗೆ ಹಚ್ಚಿ ತಿಕ್ಕಿದರೆ ಮರಳು ತಗಲಬಾರದು, ಅದು ಹದ. ಮೇಲ್ಗಾರೆಗೆ ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು. ಮದ್ರಾಸ್ ತಾರಸಿ ಹಾಕಿದ ಮನೆಗಳಲ್ಲಿ ಹೆಂಗಸರು ಸಾಲಾಗಿ ಕೂತು ಮರದ ಹಲಗೆಯಿಂದ ಮೇಲಿನ ಗಾರೆಯನ್ನು ದಿನಗಟ್ಟಲೆ ಬಡಿಯುತ್ತಿದ್ದರು. ಬಡಿತದ ತಾಳಕ್ಕೆ ಪದ ಕೂಡಿಸುತ್ತಿದ್ದರು.

ಈ ಗಾರೆಯ ಒಂದು ಗುಣ ನನಗೆ ಪಾಲಿಟೆಕ್ನಿಕ್‌ನಲ್ಲಿ ಓದುವಾಗ ತಿಳಿಯಿತು. ಸುಡುವಾಗ ಕಲ್ಲಿನಿಂದ ಬಿಟ್ಟುಹೋದ ಇಂಗಾಲದ ಡೈಆಕ್ಸೈಡನ್ನು ಸುಣ್ಣ ಗಾಳಿಯಿಂದ ಮತ್ತೆ ಹೀರಿಕೊಂಡು ಕಲ್ಲಾಗುತ್ತದೆ. ಹೀರುವ ಕೆಲಸ ವರ್ಷಾನುಗಟ್ಟಲೆ ನಡೆಯುತ್ತದೆ. ಗಾರೆ ಗೋಡೆ ವಯಸ್ಸಾದಂತೆ ಗಟ್ಟಿಯಾಗುತ್ತದೆ ಎಂದು ತಾತ ಹೇಳುತ್ತಿದ್ದುದು ಸುಮ್ಮನೆ ಹೇಳಿದ ಮಾತಲ್ಲ. ಆದರೂ ಆ ಗಾರೆ ಇಟ್ಟಿಗೆಗಿಂತ ಮೆದು. ಅದಕ್ಕೇ ಬಿಚ್ಚಿದಾಗ ಇಟ್ಟಿಗೆಯನ್ನು ಬಿಟ್ಟುಕೊಡುತ್ತದೆ. ಸುಣ್ಣ ಸುಡುವುದಕ್ಕೂ ಕಾಡು ಕಡಿದಿದ್ದಾರೆ, ಆ ಹೊಗೆಯೂ ಹೊಗೆಯೇ. ಆದರೆ ಕಟ್ಟಿದ್ದನ್ನು ಮತ್ತೆ ಕೈಗೆ ಪಡೆಯುವ ದಾರಿಯನ್ನು ಆ ಕಸುಬು ಮುಚ್ಚಿರಲಿಲ್ಲ.

ತಾತ ಹುಡುಗನಾಗಿದ್ದಾಗ ಕನ್ನಂಬಾಡಿ ಕಟ್ಟೆಯ ಕೆಲಸದಲ್ಲಿ ಗಾರೆ ಬಾಣಲಿ ಹೊತ್ತವರು. 1911ರಲ್ಲಿ ಶುರುವಾದ ಆ ಕೆಲಸ 1930ರ ದಶಕದ ಆರಂಭದವರೆಗೂ ನಡೆಯಿತು. ವಿಶ್ವೇಶ್ವರಯ್ಯನವರು 1909ರಲ್ಲಿ ಮೈಸೂರಿನ ಮುಖ್ಯ ಇಂಜಿನಿಯರ್ ಆಗಿ ಬಂದು ಯೋಜನೆಯನ್ನು ರೂಪಿಸಿದರು, 1912ರಿಂದ 1918ರವರೆಗೆ ದಿವಾನರಾಗಿದ್ದು ಅದನ್ನು ಮುಂದೆ ನೂಕಿದರು. ಸುಮಾರು 8600 ಅಡಿ ಉದ್ದ, 130 ಅಡಿ ಎತ್ತರದ ಆ ಕಲ್ಲುಗೋಡೆಯನ್ನು ಹಿಡಿದಿರುವುದು ಸುರ್ಕಿ ಗಾರೆ. ಸಿಮೆಂಟು ಆಗ ನಮ್ಮಲ್ಲಿ ಸುಲಭಕ್ಕೆ ಸಿಗುತ್ತಿರಲಿಲ್ಲ, ಹೊರಗಿನಿಂದ ತರಿಸಬೇಕು, ದುಬಾರಿ. ಸುಟ್ಟ ಜೇಡಿಯ ಪುಡಿ ಸುಣ್ಣದ ಜತೆ ಸೇರಿದರೆ ನೀರಿನೊಳಗೂ ಗಟ್ಟಿಯಾಗುತ್ತದೆ ಎಂಬುದು ನಮ್ಮವರಿಗೆ ಗೊತ್ತಿತ್ತು. ಸುತ್ತಿನ ಮಣ್ಣು, ಸುತ್ತಿನ ಕಲ್ಲು, ಸುಣ್ಣ. ಇವತ್ತಿಗೂ ಪ್ರತಿ ಮಳೆಗಾಲದಲ್ಲಿ ಮಂಡ್ಯದವರು 124.80 ಅಡಿ ತುಂಬಿತೇ ಎಂದು ಪತ್ರಿಕೆಯ ಮೂಲೆಯಲ್ಲಿ ಹುಡುಕುತ್ತಾರಲ್ಲ, ಆ ನೀರನ್ನು ತಡೆದು ನಿಂತಿರುವುದು ಆ ಗಾರೆಯೇ.

ಆ ಕಟ್ಟೆಗೆ ಇನ್ನೊಂದು ಮಗ್ಗುಲಿದೆ. ನಮ್ಮ ಅಜ್ಜಿಯ ತವರು ಆ ನೀರಿನಡಿಯಲ್ಲಿದೆ. ಹಳೇ ಕನ್ನಂಬಾಡಿ, ಅದರ ವೇಣುಗೋಪಾಲಸ್ವಾಮಿ ದೇವಸ್ಥಾನ, ಸುತ್ತಿನ ಹಲವು ಊರು ಮುಳುಗಿದವು. ಮಳೆ ಕೈಕೊಟ್ಟ ವರ್ಷ ನೀರು ಇಳಿದಾಗ ದೇವಸ್ಥಾನದ ಕಂಬಗಳು ಮೇಲೆ ಕಾಣುತ್ತಿದ್ದವು. ಆಗ ಅಜ್ಜಿ ದಡದಲ್ಲಿ ನಿಂತು, ತಮ್ಮ ಮನೆ ಇದ್ದ ದಿಕ್ಕಿಗೆ ಕೈ ತೋರಿಸುತ್ತಿದ್ದರು. ಮನೆ ಕಾಣುತ್ತಿರಲಿಲ್ಲ, ಮಣ್ಣಿನ ಮನೆ ಕರಗಿ ಹೋಗಿತ್ತು. ಎಷ್ಟೋ ದಶಕಗಳ ಮೇಲೆ ಒಂದು ಉದ್ಯಮ ಮನೆತನದ ಪ್ರತಿಷ್ಠಾನ ಆ ದೇವಸ್ಥಾನವನ್ನು ಕಲ್ಲುಕಲ್ಲಾಗಿ ಬಿಚ್ಚಿ ತಂದು ದಡದಲ್ಲಿ ಮತ್ತೆ ಕಟ್ಟಿಸಿತು. ಒಳ್ಳೆಯ ಕೆಲಸ. ಬಿಚ್ಚಿ ಮತ್ತೆ ಕಟ್ಟಲು ಸಾಧ್ಯವಾದದ್ದು ಅದು ಕಲ್ಲಿನ ಮೇಲೆ ಕಲ್ಲು ಕೂರಿಸಿದ ಕಟ್ಟಡವಾದ್ದರಿಂದ.

ನಿವೃತ್ತಿಯ ಮೇಲೆ ನಾನು ಶಾಸನಗಳ ಸಂಪುಟಗಳನ್ನು ಓದಲು ಹಿಡಿದೆ. ಬಿ.ಎಲ್. ರೈಸ್ ಅವರ ಕಾಲದಿಂದ ಬಂದ 'ಎಪಿಗ್ರಾಫಿಯಾ ಕರ್ನಾಟಿಕಾ' ಗ್ರಂಥಾಲಯಗಳಲ್ಲಿ ಧೂಳು ಹಿಡಿದು ಕೂತಿದೆ. ಕಟ್ಟುವವರ ಇತಿಹಾಸ ಬೇಕಾದವರು ಅದನ್ನು ತೆರೆಯಬೇಕು. ಅಲ್ಲಿ ಮತ್ತೆ ಮತ್ತೆ ಸಿಗುವ ಮೂರು ಪದ ನನ್ನನ್ನು ಹಿಡಿದು ನಿಲ್ಲಿಸಿದವು: ಕಟ್ಟುಕೊಡಗೆ, ಬಿತ್ತುವಟ್ಟ, ದಸವಂದ. ಕೆರೆ ಕಟ್ಟಿಸಿದವನಿಗೆ, ಜೀರ್ಣೋದ್ಧಾರ ಮಾಡಿದವನಿಗೆ ಆ ಕೆರೆಯ ಕೆಳಗೇ ಭೂಮಿ ಕೊಡುವುದು ಕಟ್ಟುಕೊಡಗೆ. ಕೆರೆಯ ಕೆಳಗಿನ ಗದ್ದೆಯಿಂದ ಕೆರೆಗೇ ಎಂದು ತೆಗೆದಿಡುವುದು ಬಿತ್ತುವಟ್ಟ. ದಸವಂದ ಎಂದರೆ ಹೆಸರೇ ಹೇಳುವಂತೆ ಹತ್ತರಲ್ಲೊಂದರ ಲೆಕ್ಕ: ಕಟ್ಟಿದವನು ಕೆರೆಯನ್ನು ಚೆನ್ನಾಗಿ ನೋಡಿಕೊಳ್ಳುತ್ತಿರಬೇಕು, ಅದಕ್ಕೆ ಪ್ರತಿಯಾಗಿ ಆ ನೀರಿನಿಂದ ಬೆಳೆದ ನೆಲದಲ್ಲಿ ಅವನಿಗೆ ಪಾಲು. ಹೂಳೆತ್ತುವ ಬಂಡಿಗೆ, ಕೋಣಕ್ಕೆ ಎಂದು ದತ್ತಿ ಬಿಟ್ಟ ಶಾಸನಗಳೂ ಇವೆ. ಕಟ್ಟಿದವನ ಲಾಭ ಕಟ್ಟಿದ ಕೆರೆಯ ಆರೋಗ್ಯಕ್ಕೆ ಗಂಟು ಬಿದ್ದಿತ್ತು. ಏರಿ ಒಡೆದರೆ ಅವನ ಗದ್ದೆಯೂ ಒಣಗುತ್ತಿತ್ತು.

ಕಡಪ ಜಿಲ್ಲೆಯ ಪೋರುಮಾಮಿಳ್ಳದ ಶಾಸನವನ್ನಂತೂ ಪ್ರತಿಯೊಬ್ಬ ಸಿವಿಲ್ ಇಂಜಿನಿಯರ್ ಓದಬೇಕು. 1369ರದು, ಬುಕ್ಕರಾಯನ ಮಗ ಭಾಸ್ಕರ ಕಟ್ಟಿಸಿದ ಕೆರೆಯದು. ದಿನಕ್ಕೆ ಸಾವಿರ ಕೂಲಿಗಳು, ನೂರು ಬಂಡಿ, ಎರಡು ವರ್ಷ ಎಂದು ಕೆಲಸದ ಲೆಕ್ಕ ಅದರಲ್ಲಿದೆ. ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಕೆರೆಗೆ ಬರುವ ಆರು ದೋಷಗಳನ್ನೂ ಹೇಳುತ್ತದೆ. ಏರಿಯಿಂದ ನೀರು ಒಸರಬಾರದು, ಚೌಳು ನೆಲವಾಗಬಾರದು, ಎರಡು ರಾಜ್ಯಗಳ ಗಡಿಯಲ್ಲಿರಬಾರದು, ನೀರು ಕಮ್ಮಿ ನೆಲ ಜಾಸ್ತಿ ಆಗಬಾರದು. ಕಟ್ಟುವ ಮುಂಚೆಯೇ ಆ ನೆಲಕ್ಕೆ, ಪಕ್ಕದವನಿಗೆ, ಮುಂದಿನವರಿಗೆ ಏನಾಗುತ್ತದೆ ಎಂದು ಯೋಚಿಸಿದ ಮನಸ್ಸು ಅದು.

ಹಾಗೆಂದು ಹಿಂದಿನದೆಲ್ಲ ಬಂಗಾರವಲ್ಲ. ಆ ಸಾವಿರ ಕೂಲಿಗಳಲ್ಲಿ ಒಬ್ಬರ ಹೆಸರೂ ನಮಗೆ ತಿಳಿಯದು. ಕೆರೆ ಅಗೆದ, ಕಲ್ಲು ಒಡೆದ ಭೋವಿಗಳನ್ನು ಊರು ತನ್ನ ಅಂಚಿನಲ್ಲೇ ಇಟ್ಟಿತು. 'ಕೆರೆಗೆ ಹಾರ' ಹಾಡಿನ ಭಾಗೀರಥಿಯನ್ನು ನಮ್ಮ ಹೆಂಗಸರು ಅಳುತ್ತಲೇ ನೆನೆದುಕೊಂಡು ಬಂದಿದ್ದಾರೆ. ಮನೆಯ ಕಿರಿಸೊಸೆಯನ್ನು ನೀರಿಗೆ ಕೊಟ್ಟ ಆ ಕತೆಯಲ್ಲಿ, ಕಟ್ಟುವ ಕೆಲಸದ ಬೆಲೆಯನ್ನು ಯಾರು ತೆತ್ತರು ಎಂಬ ಜನದ ನೆನಪಿದೆ. ನೆಲದ ಋಣವನ್ನು ಬಲ್ಲ ಕಾಲ ಆಳಿನ ಋಣವನ್ನು ಬಲ್ಲದಾಗಿತ್ತು ಎಂದೇ ನಾನು ಅಂದುಕೊಂಡಿದ್ದೇನೆ.

ಸಿಮೆಂಟು ಬಂತು. 1930ರ ದಶಕದ ಕೊನೆಗೆ ಭದ್ರಾವತಿಯಲ್ಲೇ ತಯಾರಾಗತೊಡಗಿತು. ಸ್ವಾತಂತ್ರ್ಯದ ಮೇಲೆ ಎಲ್ಲ ಕಡೆ ಅದೇ. ಕಲ್ಲಿನ ಕಸುಬಿನ ಕೊನೆಯ ದೊಡ್ಡ ಹಬ್ಬ ವಿಧಾನಸೌಧ. 1951ರ ಜುಲೈ 13ರಂದು ನೆಹರೂ ಅಡಿಗಲ್ಲು ಹಾಕಿದರು, ಕೆಂಗಲ್ ಹನುಮಂತಯ್ಯನವರು ಹಗಲಿರುಳು ಬೆನ್ನು ಹತ್ತಿ ಕೆಲಸ ಮಾಡಿಸಿದರು, 1956ಕ್ಕೆ ಮುಗಿಯಿತು. ಸುಮಾರು 5000 ಕೂಲಿಗಳು, 1500 ಕಲ್ಲುಕುಟಿಗರು ಮತ್ತು ಬಡಗಿಗಳು ದುಡಿದರು. ಕೂಲಿಗಳಲ್ಲಿ ಬಹಳಷ್ಟು ಜನ ಜೈಲಿನ ಕೈದಿಗಳು. ನಾನು ಮೊದಲ ಸಲ ಬೆಂಗಳೂರಿಗೆ ಬಂದಾಗ ತಾತ ನನ್ನನ್ನು ಅದರ ಮೆಟ್ಟಿಲ ಮುಂದೆ ನಿಲ್ಲಿಸಿ, "ಕಲ್ಲು ಕೂತಿರೋ ಸಂದಿ ನೋಡು" ಎಂದಿದ್ದರು. ಕಟ್ಟಡ ನೋಡು ಎನ್ನಲಿಲ್ಲ.

ನಾನು ಕೆಲಸಕ್ಕೆ ಸೇರಿದ ಹೊತ್ತಿಗೆ ಕಟ್ಟುವ ಕಸುಬು ಗುತ್ತಿಗೆಯ ಕಸುಬಾಗಿ ಹೋಗಿತ್ತು. ಕಂಪನಿಗೆ ಕೂಲಿಯ ಮುಖ ಗೊತ್ತಿಲ್ಲ, ಕೂಲಿಗೆ ಕಂಪನಿಯ ಹೆಸರು ಗೊತ್ತಿಲ್ಲ. ನಡುವೆ ಗುತ್ತಿಗೆದಾರ, ಅವನ ಕೆಳಗೆ ಒಳಗುತ್ತಿಗೆದಾರ, ಅವನ ಕೆಳಗೆ ಗುಂಪಿನ ಮೇಸ್ತ್ರಿ. ರಾಯಚೂರು, ಗುಲ್ಬರ್ಗ, ಮೆಹಬೂಬ್‌ನಗರದ ಕಡೆಯಿಂದ ಬಂದವರು, ತಮಿಳುನಾಡಿನ ಧರ್ಮಪುರಿಯ ಕಡೆಯವರು. ಶನಿವಾರ ಬಟವಾಡೆ. ಮೇಸ್ತ್ರಿ ಒಟ್ಟಿಗೆ ಹಣ ಪಡೆದು, ತನ್ನದನ್ನು ಮುರಿದುಕೊಂಡು ಹಂಚುತ್ತಿದ್ದ. ಅದು ತಪ್ಪು ಎಂದು ನಮಗೆ ಯಾರಿಗೂ ಹೊಳೆದಿರಲಿಲ್ಲ. ದೆಹಲಿಯ ಏಷ್ಯನ್ ಕ್ರೀಡಾಕೂಟದ ಕಟ್ಟಡಗಳ ಬಗ್ಗೆ ಸುಪ್ರೀಂ ಕೋರ್ಟಿನ ತೀರ್ಪು 1982ರ ಸೆಪ್ಟೆಂಬರಿನಲ್ಲಿ ಬಂದಾಗ ಹೊಳೆಯಿತು. ಅಲ್ಲಿ ದಿನಗೂಲಿ 9 ರೂಪಾಯಿ 25 ಪೈಸೆ. ಜಮಾದಾರ ಒಂದು ರೂಪಾಯಿ ಮುರಿದುಕೊಂಡು 8 ರೂಪಾಯಿ 25 ಪೈಸೆ ಕೊಡುತ್ತಿದ್ದ. ಆ ಒಂದು ರೂಪಾಯಿಯ ಮೇಲೆ ನ್ಯಾಯಮೂರ್ತಿ ಪಿ.ಎನ್. ಭಗವತಿಯವರ ಪೀಠ ಹೇಳಿದ್ದು ಇದು: ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಸುವುದು ಬಲವಂತದ ದುಡಿಮೆ, ಸಂವಿಧಾನದ 23ನೇ ವಿಧಿಗೆ ವಿರುದ್ಧ. ಗುತ್ತಿಗೆದಾರನ ಮೂಲಕ ಮಾಡಿಸಿದೆ ಎಂದು ಮೂಲ ಮಾಲೀಕ ಕೈ ತೊಳೆದುಕೊಳ್ಳುವಂತಿಲ್ಲ. ನಮ್ಮ ಕಸುಬಿನಲ್ಲಿ ಹೊಣೆಗಾರಿಕೆ ಎಂಬ ಪದಕ್ಕೆ ಕಾನೂನಿನ ಮೈ ಬಂದದ್ದು ಆಗ. ಆ ಪತ್ರಿಕೆಯ ತುಣುಕನ್ನು ನಾನು ಕತ್ತರಿಸಿ ಇಟ್ಟುಕೊಂಡಿದ್ದೆ.

ಮರುವರ್ಷ, 1983ರ ಸೆಪ್ಟೆಂಬರಿನಲ್ಲಿ, ಬೆಂಗಳೂರಿನ ಕಪಾಲಿ ಚಿತ್ರಮಂದಿರದ ಹತ್ತಿರ ಕಟ್ಟುತ್ತಿದ್ದ ಬಹುಮಹಡಿ ಕಟ್ಟಡ ಕುಸಿದು ನೂರಕ್ಕೂ ಹೆಚ್ಚು ಜನ ಸತ್ತರು. ಸತ್ತವರಲ್ಲಿ ಅದನ್ನು ಕಟ್ಟುತ್ತಿದ್ದ ಕೈಗಳೇ ಬಹಳ. ಮರುದಿನ ನಮ್ಮ ಸೈಟಿನಲ್ಲಿ ಯಾರೂ ಮಾತಾಡಲಿಲ್ಲ. ನಾನು ಒಂದೊಂದೇ ಕಾಲಂ ಹತ್ತಿರ ಹೋಗಿ ಸುತ್ತಿಗೆಯಿಂದ ತಟ್ಟಿ ಕಿವಿಗೊಟ್ಟು ಕೇಳಿದ್ದು ನೆನಪಿದೆ.

ಒಂದು ದೃಶ್ಯವನ್ನು ಬರೆಯದೆ ಮುಂದೆ ಹೋಗಲಾರೆ. 1986ರ ಬೇಸಿಗೆ, ನಾಲ್ಕನೇ ಮಹಡಿಯ ಸೆಂಟ್ರಿಂಗ್. ಕೆಳಗೆ ಎರಡು ಕಾಲಂ ಸರಳುಗಳ ನಡುವೆ ಹಳೇ ಸೀರೆ ಕಟ್ಟಿ ಜೋಳಿಗೆ. ಅದರೊಳಗೆ ಏಳೆಂಟು ತಿಂಗಳ ಕೂಸು. ಸರಳಿನ ತುದಿ ತೊಟ್ಟಿಲ ಮೇಲಕ್ಕೆ ಒಂದು ಮೊಳ ಚಾಚಿಕೊಂಡಿತ್ತು. ಅದರ ತುದಿಗೆ ತಾಯಿ ಒಂದು ಹಸಿರು ಬಳೆ ಸಿಕ್ಕಿಸಿದ್ದಳು, ಮಗು ನೋಡಿ ನಗಲಿ ಎಂದು. ಪಕ್ಕದಲ್ಲಿ ನಾಲ್ಕು ವರ್ಷದ ಅಕ್ಕ ಒಂದು ಕೈಯಲ್ಲಿ ಜೋಳಿಗೆ ತೂಗುತ್ತ, ಇನ್ನೊಂದು ಕೈಯಲ್ಲಿ ತೇವದ ಮರಳಿನ ಗೂಡು ಕಟ್ಟುತ್ತಿದ್ದಳು. ಜೋಳಿಗೆಯ ಬಟ್ಟೆಯ ಮೇಲೆಲ್ಲ ಸಿಮೆಂಟಿನ ಬೂದು ಪುಡಿ. ತಾಯಿ ಮೇಲೆ ಬಾಣಲಿ ಹೊರುತ್ತಿದ್ದಳು, ಪ್ರತಿ ಸುತ್ತಿಗೂ ಅಂಚಿಗೆ ಬಂದು ಕೆಳಗೆ ಬಗ್ಗಿ ನೋಡುತ್ತಿದ್ದಳು. ಅಂಚಿಗೆ ಕಟಾಂಜನವಿರಲಿಲ್ಲ. ನಾನು ಅಂದು ಮಾಡಿದ್ದು ಜೋಳಿಗೆಯನ್ನು ಸ್ಟೋರ್ ರೂಮಿನ ನೆರಳಿಗೆ ಬದಲಾಯಿಸಿದ್ದು ಮಾತ್ರ.

ಇಂಥದೇ ಒಂದು ನೋಟದಿಂದ ದೆಹಲಿಯಲ್ಲಿ ದೊಡ್ಡ ಕೆಲಸವೊಂದು ಆಗಲೇ ಹುಟ್ಟಿತ್ತು ಎಂಬುದು ನನಗೆ ಬಹಳ ವರ್ಷದ ಮೇಲೆ ತಿಳಿಯಿತು. 1969ರಲ್ಲಿ ಗಾಂಧಿ ಶತಮಾನೋತ್ಸವದ ಪ್ರದರ್ಶನಕ್ಕಾಗಿ ಕಟ್ಟಡ ಏಳುತ್ತಿದ್ದ ಜಾಗದಲ್ಲಿ ಕೂಲಿಯವರ ಕೂಸುಗಳು ಬಿಸಿಲಲ್ಲಿ ಬಿದ್ದಿದ್ದುದನ್ನು ಮೀರಾ ಮಹಾದೇವನ್ ಎಂಬ ಹೆಣ್ಣುಮಗಳು ಕಂಡರು, ಅಲ್ಲೇ ಒಂದು ಡೇರೆ ಹಾಕಿ ಮಕ್ಕಳನ್ನು ನೋಡಿಕೊಳ್ಳತೊಡಗಿದರು. ಅದೇ 'ಮೊಬೈಲ್ ಕ್ರೆಷಸ್' ಸಂಸ್ಥೆಯಾಗಿ ಬೆಳೆಯಿತು. ಕಟ್ಟಡದ ಜತೆಗೇ ಊರಿಂದೂರಿಗೆ ಸಾಗುವ ಶಿಶುಮನೆ. ಕಟ್ಟುವ ಜಾಗದಲ್ಲೇ ಕಟ್ಟುವವರ ಮಕ್ಕಳಿಗೆ ನೆರಳು ಎಂಬ ಆ ಯೋಚನೆಯಷ್ಟು ಸರಿಯಾದ ಯೋಚನೆಯನ್ನು ಈ ಕಸುಬಿನಲ್ಲಿ ನಾನು ಇನ್ನೊಂದು ಕಂಡಿಲ್ಲ.

ಕಾರ್ಮಿಕ ಸಂಘಟನೆಗಳು ವರ್ಷಗಟ್ಟಲೆ ಹೋರಾಡಿದ ಮೇಲೆ 1996ರಲ್ಲಿ ಕಟ್ಟಡ ಕಾರ್ಮಿಕರ ಕಾಯ್ದೆ ಬಂತು. ಸೈಟಿನಲ್ಲಿ ಕುಡಿಯುವ ನೀರು, ಶೌಚಾಲಯ, ಬಾಡಿಗೆಯಿಲ್ಲದ ತಾತ್ಕಾಲಿಕ ಮನೆ, ಐವತ್ತಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಡೆ ಆರು ವರ್ಷದೊಳಗಿನ ಮಕ್ಕಳಿಗೆ ಕೋಣೆ, ಇವೆಲ್ಲ ಮಾಲೀಕನ ಕರ್ತವ್ಯವಾದವು. ಕಟ್ಟಡದ ವೆಚ್ಚದ ಮೇಲೆ ಸುಂಕ ಹಾಕಿ ಕಾರ್ಮಿಕರ ಕಲ್ಯಾಣಕ್ಕೆ ಕೊಡುವ ಇನ್ನೊಂದು ಕಾಯ್ದೆಯೂ ಅದೇ ವರ್ಷದ್ದು. ಕರ್ನಾಟಕದಲ್ಲಿ ನಿಯಮಗಳು 2006ರಲ್ಲಿ ಬಂದವು, ಕಲ್ಯಾಣ ಮಂಡಳಿ 2007ರಲ್ಲಿ. ಹತ್ತು ವರ್ಷ ತಡ. ಆ ಹತ್ತು ವರ್ಷದಲ್ಲೇ ಬೆಂಗಳೂರು ಸಾಫ್ಟ್‌ವೇರ್ ನಗರವಾಗಿ ಎದ್ದದ್ದು. ಅದನ್ನು ಎಬ್ಬಿಸಿದ ಕೈಗಳಿಗೆ ಆ ಸುಂಕದ ಒಂದು ಪೈಸೆಯೂ ಸಿಗಲಿಲ್ಲ. ಇದನ್ನು ನಾನು ಅನ್ಯಾಯ ಎಂದೇ ಕರೆಯುತ್ತೇನೆ.

ಇತ್ತ ನೆಲದ ಕಡೆ ಏನಾಯಿತು? ಕೆರೆ ಕಟ್ಟಿದವರ ಊರಲ್ಲಿ ಕೆರೆಯ ಮೇಲೆ ಕಟ್ಟಿದೆವು. ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು, ಅಕ್ಕಿತಿಮ್ಮನಹಳ್ಳಿ ಕೆರೆ ಹಾಕಿ ಮೈದಾನವಾಯಿತು. ಇನ್ನು ಮರಳು. ನಾನು ಸೇರಿದ ಹೊಸದರಲ್ಲಿ ಹೊಳೆ ಮರಳಿನ ಲಾರಿ ಬಂದರೆ ಗಾಜಿನ ಲೋಟದಲ್ಲಿ ಮರಳು, ನೀರು, ಒಂದು ಚಿಟಿಕೆ ಉಪ್ಪು ಹಾಕಿ ಕದಡಿ ಇಡುತ್ತಿದ್ದೆವು. ಮೂರು ಗಂಟೆ ಬಿಟ್ಟು ನೋಡಿದರೆ ಮರಳಿನ ಮೇಲೆ ಜೇಡಿಯ ಪದರ ಎಷ್ಟು ಕೂತಿದೆ ಎಂದು ಕಾಣುತ್ತದೆ. 100ಕ್ಕೆ 8 ಭಾಗ ಮೀರಿದರೆ ಲಾರಿ ವಾಪಸ್. ಹೊಳೆಗಳು ಬರಿದಾಗುತ್ತ ಬಂದಂತೆ ಆ ಪದರ ದಪ್ಪವಾಗುತ್ತ ಹೋಯಿತು. ಆಮೇಲೆ ಬಂದದ್ದು ಫಿಲ್ಟರ್ ಮರಳು. ಕೋಲಾರ, ಮಾಲೂರು, ಹೊಸಕೋಟೆ ಕಡೆ ಹೊಲದ ಮೇಲ್ಮಣ್ಣನ್ನೇ ತೋಡಿ, ಕೊಳವೆಬಾವಿಯ ನೀರು ಹಾಯಿಸಿ, ಜೇಡಿಯನ್ನು ತೊಳೆದು ಹಳ್ಳಕ್ಕೆ ಬಿಟ್ಟು, ಉಳಿದ ಕಾಳನ್ನು ಮರಳೆಂದು ಮಾರುವುದು. ರಾಗಿ ಬೆಳೆಯುವ ಮಣ್ಣು, ಸಾವಿರ ಅಡಿ ಆಳದ ನೀರು, ಎರಡೂ ಒಂದೇ ಏಟಿಗೆ ಹೋದವು. ಹರಿದ ಜೇಡಿ ಕೆಳಗಿನ ಕೆರೆಯನ್ನೂ ತುಂಬಿತು. ಆ ಮರಳು ಹೊತ್ತ ಲಾರಿಗಳಿಗೆ ಗೇಟ್ ತೆರೆದವರಲ್ಲಿ ನಾನೂ ಒಬ್ಬ. ಲೋಟದ ಪರೀಕ್ಷೆಯಲ್ಲಿ ಪಾಸಾಗಿತ್ತು. ಹೊಲದ ಪರೀಕ್ಷೆ ಮಾಡುವ ಲೋಟ ನಮ್ಮ ಹತ್ತಿರ ಇರಲಿಲ್ಲ. ಬಂಡೆ ಪುಡಿ ಮಾಡುವ ಎಂ-ಸ್ಯಾಂಡ್ ಬಂದ ಮೇಲೆ ಹೊಳೆಗಳಿಗೆ ಸ್ವಲ್ಪ ಬಿಡುವು ಸಿಕ್ಕಿತು, ಆದರೆ ಈಗ ಬೆಟ್ಟಗಳು ಸವೆಯುತ್ತಿವೆ.

ಇಂಥ ಹೊತ್ತಿಗೆ 2013ರ ಕಂಪನಿ ಕಾಯ್ದೆ ಬಂತು. ಅದರ 135ನೇ ಕಲಂ 2014ರ ಏಪ್ರಿಲ್ 1ರಿಂದ ಜಾರಿ. 500 ಕೋಟಿ ರೂಪಾಯಿ ನಿವ್ವಳ ಆಸ್ತಿ, ಅಥವಾ 1000 ಕೋಟಿ ವಹಿವಾಟು, ಅಥವಾ 5 ಕೋಟಿ ನಿವ್ವಳ ಲಾಭ ಇರುವ ಕಂಪನಿ ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ನೂರಕ್ಕೆ ಎರಡನ್ನು ಸಮಾಜಕ್ಕೆ ಖರ್ಚು ಮಾಡಬೇಕು. ನನ್ನನ್ನು ಆ ವಿಭಾಗಕ್ಕೆ ಹಾಕಿದಾಗ ಮನಸ್ಸು ತುಂಬಿ ಬಂದಿತ್ತು. ಜೋಳಿಗೆಯ ಕೂಸಿಗೆ ಈಗಲಾದರೂ ಏನಾದರೂ ಮಾಡಬಹುದು ಅಂದುಕೊಂಡೆ.

ಮೊದಲ ವರ್ಷ ನಾವು ಮೂರು ಸರ್ಕಾರಿ ಶಾಲೆಗೆ ಬೆಂಚು ಕೊಟ್ಟೆವು. ಮಕ್ಕಳು ಹೂ ಕೊಟ್ಟರು, ಫೋಟೊ ವಾರ್ಷಿಕ ವರದಿಯ ಮುಖಪುಟಕ್ಕೆ ಹೋಯಿತು. ಅದೇ ವಾರ ನಮ್ಮದೇ ಒಂದು ಸೈಟಿನ ಹಿಂದಿನ ಲೇಬರ್ ಕಾಲೊನಿಗೆ ಹೋದೆ. ತಗಡಿನ ಸಾಲು ಮನೆ, ಇನ್ನೂರು ಜನಕ್ಕೆ ಎರಡು ನಲ್ಲಿ. ಟ್ಯಾಂಕರ್ ಬಾರದ ದಿನ ಕಾಂಕ್ರೀಟಿನ ಕ್ಯೂರಿಂಗಿಗೆ ತಂದ ನೀರನ್ನೇ ಕುಡಿಯುತ್ತಿದ್ದರು. ಅಲ್ಲಿಗೂ ಈ ಹಣದಿಂದ ಪೈಪ್ ಹಾಕಿಸೋಣ ಎಂದು ಟಿಪ್ಪಣಿ ಬರೆದೆ. ಲೆಕ್ಕ ವಿಭಾಗದಿಂದ ಉತ್ತರ ಬಂತು: ಕಂಪನಿ ತನ್ನ ಮಾಮೂಲಿ ವ್ಯವಹಾರದ ಭಾಗವಾಗಿ ಮಾಡುವುದು ಸಿಎಸ್‌ಆರ್ ಆಗುವುದಿಲ್ಲ, ನಿಯಮದಲ್ಲೇ ಹಾಗಿದೆ. ಅವರು ಹೇಳಿದ್ದು ಸರಿ. ನಿಯಮವೂ ಸರಿಯೇ. ಕೊಡಲೇಬೇಕಾದ ನೀರನ್ನು ದಾನವೆಂದು ಬರೆದುಕೊಳ್ಳಬಾರದು. ನನ್ನ ದುಃಖ ಬೇರೆ. ದಾನಕ್ಕೆ ಒಂದು ವಿಭಾಗ, ಒಂದು ಸಮಿತಿ, ಒಂದು ಬಜೆಟ್, ಒಬ್ಬ ಫೋಟೊಗ್ರಾಫರ್ ಇದ್ದರು. ಕರ್ತವ್ಯಕ್ಕೆ ಯಾರೂ ಇರಲಿಲ್ಲ. ಅದು ಮತ್ತೆ ಗುತ್ತಿಗೆದಾರನಿಗೆ, ಅವನಿಂದ ಮೇಸ್ತ್ರಿಗೆ ಇಳಿದು ಹೋಗಿತ್ತು. ನಲ್ಲಿಗಾಗಿ ನಾನು ಎಂಟು ತಿಂಗಳು ಓಡಾಡಿದೆ. ಕೊನೆಗೆ ಹಾಕಿಸಿದರು. ಅಷ್ಟರಲ್ಲಿ ಮೊದಲಿದ್ದ ಕುಟುಂಬಗಳು ಬೇರೆ ಸೈಟಿಗೆ ಹೋಗಿದ್ದವು.

ಕಾಯ್ದೆಯಲ್ಲೇ ಒಂದು ಸಾಲಿದೆ. ಕಂಪನಿ ಕೆಲಸ ಮಾಡುವ ಜಾಗಕ್ಕೆ, ಅದರ ಸುತ್ತಮುತ್ತಲಿಗೆ ಮೊದಲ ಆದ್ಯತೆ ಕೊಡಬೇಕು ಎಂದು. ನನಗೆ ಅದರಲ್ಲಿ ದಸವಂದದ ನೆರಳು ಕಾಣುತ್ತದೆ. ನಿರ್ಮಾಣ ಕಂಪನಿಯ ಸುತ್ತಮುತ್ತಲು ಎಂದರೆ ಯಾವುದು? ಕಟ್ಟಡ ಏಳುವ ಜಾಗವೂ ಹೌದು, ಮರಳು ತೆಗೆದ ಹೊಲ, ಬಂಡೆ ಒಡೆದ ಬೆಟ್ಟ, ಕಸ ಸುರಿದ ರಾಜಕಾಲುವೆಯೂ ಹೌದು ಎಂದು ನಾನು ಸಭೆಯಲ್ಲಿ ವಾದಿಸಿದೆ. ಕಲ್ಲು ತೆಗೆದು ಬಿಟ್ಟ ಒಂದು ಕ್ವಾರಿಯ ಊರಿನಲ್ಲಿ ಕೆಲಸ ಮಾಡಲು ಎರಡನೇ ವರ್ಷ ಒಪ್ಪಿದರು. ಆ ಊರಿನ ಕೆರೆಯ ಹೂಳೆತ್ತಿಸಿ, ಗೋಡುಮಣ್ಣನ್ನು ರೈತರ ಹೊಲಗಳಿಗೆ ಹೊಡೆಸಿದೆವು. ನಡಿಗೆ ಪಥ, ಬಣ್ಣದ ಬೇಲಿ ಹಾಕಿಸುವ ಪ್ರಸ್ತಾವ ಬಂದಾಗ ಊರಿನ ನೀರಗಂಟಿ ಮನೆತನದ ಮುದುಕರೊಬ್ಬರು, "ಬೇಲಿ ಹಾಕಿದರೆ ದನ ಎಲ್ಲಿ ನೀರು ಕುಡೀಬೇಕು?" ಎಂದು ಕೇಳಿದರು. ಬೇಲಿಯ ದುಡ್ಡಲ್ಲಿ ತೂಬು ರಿಪೇರಿ ಮಾಡಿಸಿದೆವು. ನನ್ನ ನೌಕರಿಯಲ್ಲಿ ನಾನು ಎದೆ ತಟ್ಟಿ ಹೇಳಿಕೊಳ್ಳಬಲ್ಲ ಕೆಲಸ ಅದು.

2020ರ ಮೇ ತಿಂಗಳನ್ನು ಮರೆಯಬಾರದು. ಲಾಕ್‌ಡೌನಿನಲ್ಲಿ ಊರಿಗೆ ಹೊರಟ ವಲಸೆ ಕಾರ್ಮಿಕರಿಗೆ ಬಿಡಬೇಕಿದ್ದ ರೈಲುಗಳನ್ನು, ಬಿಲ್ಡರುಗಳ ಜತೆ ಸಭೆ ನಡೆದ ಬೆನ್ನಿಗೇ, ರಾಜ್ಯ ಸರ್ಕಾರ ಬೇಡವೆಂದಿತು. ದೇಶವೆಲ್ಲ ಛೀಮಾರಿ ಹಾಕಿದ ಮೇಲೆ ಎರಡು ಮೂರು ದಿನದಲ್ಲಿ ಮತ್ತೆ ಒಪ್ಪಿತು. ಆ ಎರಡು ಮೂರು ದಿನ ಹೆದ್ದಾರಿಗಳಲ್ಲಿ ಗಂಟು ಹೊತ್ತು ನಡೆದವರಲ್ಲಿ ನಾನು ಹೆಸರು ಹಿಡಿದು ಕರೆಯಬಲ್ಲವರೂ ಇದ್ದರು. ಆ ವರ್ಷವೂ ಈ ಉದ್ಯಮದ ವರದಿಗಳಲ್ಲಿ ಹೊಣೆಗಾರಿಕೆಯ ಅಧ್ಯಾಯ ಅಚ್ಚುಕಟ್ಟಾಗಿಯೇ ಅಚ್ಚಾಯಿತು.

ಕಟ್ಟಡ ಒಡೆದ ಕಸಕ್ಕೆ ಪ್ರತ್ಯೇಕ ನಿಯಮ ಬಂದದ್ದು 2016ರಲ್ಲಿ. ಷೇರು ಪೇಟೆಯ ಮೊದಲ 1000 ಕಂಪನಿಗಳು ಸುಸ್ಥಿರತೆಯ ವರದಿಯನ್ನು ಕಡ್ಡಾಯವಾಗಿ ಕೊಡಬೇಕೆಂದು ಸೆಬಿ ವಿಧಿಸಿದ್ದು 2022-23ರಿಂದ. ಎರಡೂ ಬೇಕಿದ್ದವೇ. ಈಗ ಮನೆ ಬಿಚ್ಚುವುದಿಲ್ಲ, ಜೆಸಿಬಿ ತಂದು ಒಡೆಯುತ್ತೇವೆ. ಸಿಮೆಂಟು ಇಟ್ಟಿಗೆಗಿಂತ ಗಟ್ಟಿ, ಹಾಗಾಗಿ ಇಟ್ಟಿಗೆ ಬಿಟ್ಟುಬರುವುದಿಲ್ಲ, ನಡುವೆಯೇ ಸೀಳುತ್ತದೆ. ಲೋಕದಲ್ಲಿ ಮನುಷ್ಯ ಉಗುಳುವ ಇಂಗಾಲದ ಡೈಆಕ್ಸೈಡಿನಲ್ಲಿ ನೂರಕ್ಕೆ 7-8 ಪಾಲು ಸಿಮೆಂಟಿನದೇ. ನಾಲ್ಕು ವರ್ಷದ ಹಿಂದೆ ನಮ್ಮೂರಿನ ಹಳೇ ಮನೆಯನ್ನು ತೆಗೆಯಬೇಕಾಗಿ ಬಂತು. ತಾತ ಕಟ್ಟಿದ ಪಡಸಾಲೆಯ ಗೋಡೆಯ ಇಟ್ಟಿಗೆಯನ್ನು ಅದೇ ಬಾಚಿಯಿಂದ ಕೆತ್ತಿ ನೋಡಿದೆ. ನಾಲ್ಕು ಏಟಿಗೆ ಗಾರೆ ಉದುರಿತು, ಇಟ್ಟಿಗೆ ಇಡಿಯಾಗಿ ಕೈಗೆ ಬಂತು. ಅಪ್ಪ 1978ರಲ್ಲಿ ಸಿಮೆಂಟಿನಲ್ಲಿ ಕಟ್ಟಿಸಿದ ಅಡುಗೆಮನೆಯ ಗೋಡೆಯಲ್ಲಿ ಒಂದು ಇಟ್ಟಿಗೆಯೂ ಇಡಿಯಾಗಿ ಬರಲಿಲ್ಲ.

ಎಲ್ಲರೂ ಗಾರೆಗೆ ಮರಳಿ ಎಂದು ನಾನು ಕೇಳುವುದಿಲ್ಲ. ಮನೆ ಕಟ್ಟಿಸುವವರಲ್ಲಿ ಒಂದು ಬೇಡಿಕೆ ಮಾತ್ರ ಇದೆ. ಕಟ್ಟಡ ಕಾರ್ಮಿಕರ ಮಂಡಳಿಯಲ್ಲಿ ಹೆಸರು ನೋಂದಾಯಿಸಲು 18ರಿಂದ 60 ವರ್ಷದೊಳಗಿನವರಿಗೆ ಹಿಂದಿನ ಒಂದು ವರ್ಷದಲ್ಲಿ 90 ದಿನ ದುಡಿದ ದಾಖಲೆ ಬೇಕು. ದುಡಿಸಿಕೊಂಡವರು ಸಹಿ ಹಾಕಿಕೊಟ್ಟರೆ ಆ ದಾಖಲೆ ಆಗುತ್ತದೆ. ನಕ್ಷೆ ಮಂಜೂರಾತಿಯ ಹೊತ್ತಿನಲ್ಲಿ ಕಟ್ಟಡದ ವೆಚ್ಚದ ನೂರಕ್ಕೆ ಒಂದರಷ್ಟು ಸುಂಕವನ್ನು ನಿಮ್ಮಲ್ಲಿ ಹಲವರು ಕಟ್ಟಿರುತ್ತೀರಿ. ಅದು ಅವರ ಹಣ. ನೋಂದಣಿ ಇಲ್ಲದೆ ಅದು ಅವರಿಗೆ ತಲುಪುವುದಿಲ್ಲ. ಗೃಹಪ್ರವೇಶದ ದಿನ ಮೇಸ್ತ್ರಿಗೆ ಪಂಚೆ, ಹೆಂಗಸರಿಗೆ ಸೀರೆ ಕೊಡುವ ಪದ್ಧತಿ ನಮ್ಮಲ್ಲಿದೆ. ಅದನ್ನು ಬಿಡಬೇಡಿ. ಅದೇ ತಟ್ಟೆಯಲ್ಲಿ, ಎಲೆ ಅಡಿಕೆಯ ಜತೆಗೆ, ದುಡಿದ ಪ್ರತಿಯೊಬ್ಬರ ಹೆಸರಿನಲ್ಲೂ ಸಹಿ ಹಾಕಿದ ಆ ಕಾಗದವನ್ನೂ ಇಟ್ಟು ಕೊಡಿ.